ನಿಷ್ಪ್ರತೀಕಾರ ವ್ಯಾಧಿಯಲ್ಲಿ ಪ್ರತೀಕಾರದ ಪ್ರಶ್ನೆ

ಆಚಾರ್ಯ ಸಮಂತಭದ್ರರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಸಲ್ಲೇಖನೆಯ ಸಂದರ್ಭಗಳನ್ನು ನಾಲ್ಕಾಗಿ ಎಣಿಸಿದ್ದಾರೆ: ಉಪಸರ್ಗ, ದುರ್ಭಿಕ್ಷ, ಮುಪ್ಪು ಮತ್ತು ವ್ಯಾಧಿ. ಇವುಗಳಿಗೆ ಒಂದು ವಿಶೇಷಣವನ್ನೂ ಕೂಡಿಸಿದ್ದಾರೆ. ಅದು ‘ನಿಷ್ಪ್ರತೀಕಾರ’ ಎಂಬುದು. ಪ್ರತೀಕಾರವೆಂದರೆ ಇಲ್ಲಿ ಸೇಡು ಎಂದರ್ಥವಲ್ಲ, ಪರಿಹಾರ ಎಂದರ್ಥ. ಪರಿಹಾರವಿಲ್ಲದಾಗ ಮಾತ್ರ ಆ ವ್ರತದ ಮಾತು. ಪರಿಹಾರವಿರುವಾಗ ದೇಹವನ್ನು ಕಾಪಾಡಿಕೊಂಡು ಧರ್ಮಸಾಧನೆಯನ್ನು ಮುಂದುವರಿಸುವುದೇ ಶ್ರಾವಕನ ಮಾರ್ಗ.

ಒಂದು ಕಾಲದಲ್ಲಿ ಈ ಮಾತನ್ನು ಅನ್ವಯಿಸುವುದು ಅಷ್ಟು ಕಠಿಣವಾಗಿರಲಿಲ್ಲ. ವೈದ್ಯನು ಕೈಚೆಲ್ಲಿದನೆಂದರೆ ಪರಿಹಾರವಿಲ್ಲವೆಂದೇ ಅರ್ಥ. ಇಂದಿನ ವೈದ್ಯಶಾಸ್ತ್ರವು ಹೊಸದೊಂದು ಸ್ಥಿತಿಯನ್ನು ತಂದಿಟ್ಟಿದೆ. ಮೂಲರೋಗಕ್ಕೆ ಪರಿಹಾರವಿಲ್ಲ, ಆದರೆ ಆ ರೋಗವು ತಂದೊಡ್ಡುವ ಒಂದು ಆಪತ್ತಿಗೆ ಪರಿಹಾರವಿದೆ. ಒಂದೇ ದೇಹದಲ್ಲಿ ನಿಷ್ಪ್ರತೀಕಾರವೂ ಪ್ರತೀಕಾರವೂ ಒಟ್ಟಿಗೆ ನಿಂತಿರುತ್ತವೆ. ಅನ್ನನಾಳದ ಕ್ಯಾನ್ಸರ್ ಬಲಿತು ರಕ್ತನಾಳಗಳಿಗೆ ತೊಂದರೆ ಕೊಡುವ ಪ್ರಸಂಗವು ಇದಕ್ಕೆ ಸ್ಪಷ್ಟ ನಿದರ್ಶನ. ಅಂತಹ ಹೊತ್ತಿನಲ್ಲಿ ಮನೆಯವರ ಕರ್ತವ್ಯವೇನು? ಎಲ್ಲಿಯವರೆಗೆ ಹೋರಾಡಬೇಕು, ಎಲ್ಲಿ ನಿಲ್ಲಬೇಕು, ಇದನ್ನು ನಿರ್ಧರಿಸಬೇಕಾದವರು ಯಾರು? ಈ ಪ್ರಶ್ನೆಗಳನ್ನು ವಾಚಕರೊಡನೆ ವಿಚಾರ ಮಾಡುವುದು ಈ ಲೇಖನದ ಉದ್ದೇಶ.

ಇದು ನಮಗೆ ದೂರದ ಸಂಗತಿಯಲ್ಲ. ಕರ್ನಾಟಕದಲ್ಲಿ ಅನ್ನನಾಳದ ಕ್ಯಾನ್ಸರ್ ಅಪರೂಪದ ರೋಗವಲ್ಲ. ತಂಬಾಕು ಮತ್ತು ಮದ್ಯ ಇದರ ಮುಖ್ಯ ಕಾರಣಗಳೆಂಬುದು ಸಿದ್ಧವಾಗಿದೆ. ಅಡಿಕೆಯು ಕ್ಯಾನ್ಸರ್‌ಕಾರಕವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯು 2004ರಲ್ಲಿ ನಿರ್ಣಯಿಸಿತು. 65 ಡಿಗ್ರಿಗಿಂತ ಹೆಚ್ಚು ಬಿಸಿಯಾದ ಪಾನೀಯಗಳಿಂದಲೂ ಈ ರೋಗ ಬರುವ ಸಂಭವವಿದೆಯೆಂದು ಅದೇ ಸಂಸ್ಥೆ 2016ರಲ್ಲಿ ತಿಳಿಸಿತು. ನಮ್ಮ ರಾಜ್ಯದಲ್ಲಿ 2013ರಲ್ಲಿಯೇ ಗುಟ್ಕಾ ನಿಷೇಧವಾಯಿತು. ಆದರೂ ಜಮಖಂಡಿಯ ಪೇಟೆಯಲ್ಲಾಗಲಿ, ಮುಧೋಳದ ಕಬ್ಬಿನ ಗಾಡಿಗಳ ಸಾಲಿನಲ್ಲಾಗಲಿ, ಬೀಳಗಿಯ ಬಸ್ ನಿಲ್ದಾಣದಲ್ಲಾಗಲಿ, ರಬಕವಿ-ಬನಹಟ್ಟಿಯ ಮಗ್ಗಗಳ ಓಣಿಯಲ್ಲಾಗಲಿ ಬಾಯಿಗೆ ತಂಬಾಕು ಹಾಕಿಕೊಳ್ಳುವವರನ್ನು ಹುಡುಕಬೇಕಾಗಿಲ್ಲ. ಹಾಗೆಂದು ರೋಗ ಬಂದವರ ಮೇಲೆ ದೋಷ ಹೊರಿಸುವುದೂ ತರವಲ್ಲ. ಯಾವ ಚಟವೂ ಇಲ್ಲದವರಿಗೂ ಈ ರೋಗ ಬರುವುದುಂಟು.

ರೋಗದ ಸ್ವರೂಪ

ಅನ್ನನಾಳವು ಸುಮಾರು 25 ಸೆಂಟಿಮೀಟರ್ ಉದ್ದದ ಸ್ನಾಯುವಿನ ಕೊಳವೆ. ಗಂಟಲಿನಿಂದ ಜಠರಕ್ಕೆ ಇಳಿಯುವಾಗ ಅದು ಶ್ವಾಸನಾಳದ ಹಿಂದೆ, ಹೃದಯದಿಂದ ಹೊರಟ ಮಹಾಧಮನಿಯ ಮಗ್ಗುಲಲ್ಲೇ ಸಾಗುತ್ತದೆ. ಜಠರಕ್ಕೂ ಕರುಳಿಗೂ ಇರುವ ಹೊರಪೊರೆ ಅನ್ನನಾಳದ ಬಹುಭಾಗಕ್ಕೆ ಇಲ್ಲ. ಆದುದರಿಂದ ಅಲ್ಲಿ ಹುಟ್ಟಿದ ಗಡ್ಡೆಯು ನೆರೆಯ ಅಂಗಗಳಿಗೆ ಹಬ್ಬಲು ಹೆಚ್ಚು ತಡೆಯಿಲ್ಲ. ಕೊಳವೆಯು ಸಾಕಷ್ಟು ಕಿರಿದಾಗುವವರೆಗೆ ನುಂಗುವ ತೊಂದರೆ ಕಾಣಿಸುವುದಿಲ್ಲ. ಮೊದಲು ರೊಟ್ಟಿ ಇಳಿಯುವುದಿಲ್ಲ, ಆಮೇಲೆ ಅನ್ನ, ಕೊನೆಗೆ ಗಂಜಿ. ಗಂಜಿಯ ಹಂತದಲ್ಲಿ ಆಸ್ಪತ್ರೆಗೆ ಬರುವವರೇ ಬಹಳ. ಆಗ ಗಡ್ಡೆಯು ಮಹಾಧಮನಿಯನ್ನು ಮುಟ್ಟಿರಬಹುದು. ಹಾಗೆ ಧಮನಿಯೊಳಗೆ ಹೊಕ್ಕ ಗಡ್ಡೆಯನ್ನು ಶಸ್ತ್ರದಿಂದ ತೆಗೆಯಲಾಗದೆಂದು ಸಾಮಾನ್ಯವಾಗಿ ವೈದ್ಯರು ತೀರ್ಮಾನಿಸುತ್ತಾರೆ.

ರಕ್ತನಾಳಗಳಿಂದ ಬರುವ ತೊಂದರೆಗಳನ್ನು ಮೂರಾಗಿ ವಿಂಗಡಿಸಬಹುದು. ಅತ್ಯಂತ ಭಯಂಕರವಾದುದು ಮಹಾಧಮನಿಗೂ ಅನ್ನನಾಳಕ್ಕೂ ನಡುವೆ ರಂಧ್ರ ಬೀಳುವುದು. ಗಡ್ಡೆಯ ಕೊರೆತದಿಂದ, ಕೆಲವೊಮ್ಮೆ ವಿಕಿರಣ ಚಿಕಿತ್ಸೆಯ ನಂತರ ಅಥವಾ ಅನ್ನನಾಳದಲ್ಲಿ ಕೂಡಿಸಿದ ಸ್ಟೆಂಟಿನ ಒರೆತದಿಂದ ಇದು ಆಗುತ್ತದೆ. ಹೆಚ್ಚು ಜನರಿಗೆ ಬರುವಂತಹುದಲ್ಲ. ಆದರೆ ಬಂದರೆ, ಚಿಕಿತ್ಸೆಯಿಲ್ಲದೆ ಬದುಕುವುದು ಬಹುತೇಕ ಅಸಾಧ್ಯ. ಹಾನ್ಸ್ ಕಿಯಾರಿ ಎಂಬ ಆಸ್ಟ್ರಿಯಾದ ರೋಗಶಾಸ್ತ್ರಜ್ಞರು 1914ರಲ್ಲಿಯೇ ಇದರ ಲಕ್ಷಣಗಳ ಕ್ರಮವನ್ನು ಬರೆದಿಟ್ಟರು. ಮೊದಲು ಎದೆಯ ನಡುವೆ ನೋವು. ಅನಂತರ ಸ್ವಲ್ಪ ಕೆಂಪು ರಕ್ತದ ವಾಂತಿ. ಬಳಿಕ ಏನೂ ಆಗಲಿಲ್ಲವೆಂಬಂತೆ ಕೆಲವು ತಾಸು ಅಥವಾ ಕೆಲವು ದಿನಗಳ ವಿರಾಮ. ಕೊನೆಗೆ ನಿಲ್ಲಿಸಲಾಗದ ರಕ್ತಸ್ರಾವ. ನಡುವಿನ ಈ ವಿರಾಮವನ್ನು ಮನೆಯವರು ‘ಕಡಿಮೆಯಾಯಿತು’ ಎಂದು ತಿಳಿಯುತ್ತಾರೆ. ಏನಾದರೂ ಮಾಡಲು ಉಳಿದಿರುವ ಅವಕಾಶ ಅದೊಂದೇ ಎಂಬುದನ್ನು ಮನಗಾಣಬೇಕು. ಎರಡನೆಯ ತೊಂದರೆ, ಗಡ್ಡೆಯ ಮೈಯಿಂದಲೇ ನಿಧಾನವಾಗಿ ರಕ್ತ ಜಿನುಗುವುದು. ಮೂರನೆಯದು ಇದಕ್ಕೆ ವಿರುದ್ಧವಾದುದು: ಕಾಲಿನ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಶ್ವಾಸಕೋಶಕ್ಕೆ ಸರಿದು ಉಸಿರು ಕಟ್ಟಿಸುವುದು.

ವೈದ್ಯರ ಕೈಯಲ್ಲಿರುವ ಉಪಾಯಗಳು

ಮಹಾಧಮನಿಯ ರಂಧ್ರವನ್ನು ಮುಚ್ಚಲು ಮೊದಲು ಎದೆಯನ್ನೇ ತೆರೆಯಬೇಕಾಗಿತ್ತು. ಕ್ಯಾನ್ಸರಿನಿಂದ ಸೊರಗಿದ ದೇಹ ಅದನ್ನು ತಾಳುತ್ತಿರಲಿಲ್ಲ. 1987ರಲ್ಲಿ ಖಾರ್ಕಿವ್ ನಗರದ ನಿಕೊಲಾಯ್ ವೊಲೊಡೋಸ್ ಎಂಬ ಶಸ್ತ್ರವೈದ್ಯರು, ಬಟ್ಟೆ ಹೊದಿಸಿದ ಲೋಹದ ನಳಿಕೆಯನ್ನು ರಕ್ತನಾಳದೊಳಗಿನಿಂದಲೇ ಸಾಗಿಸಿ ಎದೆಯ ಮಹಾಧಮನಿಯಲ್ಲಿ ಕೂಡಿಸುವ ಕ್ರಮವನ್ನು ಮಾಡಿ ತೋರಿಸಿದರು. ಇಂದು ಅದೇ ಕ್ರಮವು ಬೆಳೆದು ದೊಡ್ಡ ಆಸ್ಪತ್ರೆಗಳಲ್ಲಿ ನಡೆಯುತ್ತಿದೆ. ತೊಡೆಯ ಸಂದಿನ ಧಮನಿಯಿಂದ ಮಡಿಚಿದ ನಳಿಕೆಯನ್ನು ಒಳಗೆ ಕಳುಹಿಸಿ, ರಂಧ್ರವಿರುವ ಸ್ಥಳದಲ್ಲಿ ಬಿಡಿಸುತ್ತಾರೆ. ಅದು ಒಳಗಿನಿಂದ ಅಸ್ತರಿ ಹಾಕಿದಂತೆ ಕುಳಿತು ರಕ್ತವನ್ನು ತಡೆಯುತ್ತದೆ. ಕೆಲವು ಕಡೆ, ಗಡ್ಡೆ ಧಮನಿಗೆ ಅಂಟಿರುವುದು ಸ್ಕ್ಯಾನಿನಲ್ಲಿ ಕಂಡಾಗ, ವಿಕಿರಣ ಮತ್ತು ಔಷಧ ಚಿಕಿತ್ಸೆ ಆರಂಭಿಸುವ ಮುನ್ನವೇ ಮುಂಜಾಗ್ರತೆಯಾಗಿ ಈ ನಳಿಕೆಯನ್ನು ಹಾಕಿದ ವರದಿಗಳೂ ಇವೆ. ಆದರೆ ಈ ವರದಿಗಳು ಕೆಲವೇ ರೋಗಿಗಳನ್ನು ಕುರಿತವು.

ಇದರ ಮಿತಿಯನ್ನೂ ತಿಳಿದಿರಬೇಕು. ರಕ್ತ ನಿಂತರೂ ಅನ್ನನಾಳದ ಕಡೆಯ ತೂತು ಹಾಗೆಯೇ ಉಳಿಯುತ್ತದೆ. ಅಲ್ಲಿಂದ ಸೋಂಕು ನಳಿಕೆಗೆ ತಗಲಬಹುದು. ಪ್ರತಿಜೀವಕ ಔಷಧವನ್ನು ದೀರ್ಘಕಾಲ, ಕೆಲವೊಮ್ಮೆ ಕೊನೆಯವರೆಗೂ, ಕೊಡಬೇಕಾಗುತ್ತದೆ. ಲಕ್ವ ಹೊಡೆಯುವ, ಬೆನ್ನುಹುರಿಗೆ ರಕ್ತ ಕಡಿಮೆಯಾಗಿ ಕಾಲುಗಳು ಸ್ವಾಧೀನ ತಪ್ಪುವ ಅಪಾಯವುಂಟು. ಎಲ್ಲಕ್ಕಿಂತ ಮುಖ್ಯವಾಗಿ, ಕ್ಯಾನ್ಸರ್ ಇದರಿಂದ ಒಂದಿಷ್ಟೂ ಗುಣವಾಗುವುದಿಲ್ಲ. ಬಲಿತ ರೋಗದಲ್ಲಿ ಇದು ಕೊಡುವುದು ಹೆಚ್ಚಾಗಿ ವಾರಗಳ ಅಥವಾ ತಿಂಗಳುಗಳ ಕಾಲ. ಗಡ್ಡೆಯಿಂದ ಜಿನುಗುವ ರಕ್ತಕ್ಕೆ ಉಪಾಯಗಳು ಇದಕ್ಕಿಂತ ಸರಳ. ನಮ್ಮ ಜನರು ‘ಕರೆಂಟ್ ಕೊಡುವುದು’ ಎನ್ನುವ ವಿಕಿರಣವನ್ನು ಕೆಲವೇ ಸಲ ಕೊಟ್ಟರೂ ಜಿನುಗು ಕಡಿಮೆಯಾಗುವುದುಂಟು. ಎಂಡೋಸ್ಕೋಪಿಯಿಂದ ಅಥವಾ ಸಣ್ಣ ರಕ್ತನಾಳವನ್ನು ಒಳಗಿನಿಂದ ಮುಚ್ಚುವುದರಿಂದಲೂ ನಿಲ್ಲಿಸಬಹುದು.

ಹೆಪ್ಪಿನ ವಿಷಯದಲ್ಲಿ ಜೈನ ಮನೆಗಳು ತಿಳಿದಿರಬೇಕಾದ ಸಂಗತಿಯೊಂದಿದೆ. ಹೆಪ್ಪು ಕಟ್ಟದಂತೆ ಚರ್ಮದಡಿ ಚುಚ್ಚುವ ಹೆಪಾರಿನ್ ಜಾತಿಯ ಔಷಧಗಳನ್ನು ಸಾಮಾನ್ಯವಾಗಿ ಹಂದಿಯ ಕರುಳಿನ ಒಳಪದರದಿಂದ ತಯಾರಿಸುತ್ತಾರೆ. ಫಾಂಡಾಪರಿನಕ್ಸ್ ಎಂಬ ಇನ್ನೊಂದು ಚುಚ್ಚುಮದ್ದು ಸಂಪೂರ್ಣವಾಗಿ ರಸಾಯನಶಾಲೆಯಲ್ಲಿ ಸಿದ್ಧವಾಗುತ್ತದೆ; ಆದರೆ ಮೂತ್ರಪಿಂಡ ದುರ್ಬಲವಾದವರಿಗೆ ಅದು ಹೊಂದುವುದಿಲ್ಲ. ನುಂಗುವ ಹೊಸ ಮಾತ್ರೆಗಳೂ ಇವೆ. ಅನ್ನನಾಳದಲ್ಲಿ ಗಡ್ಡೆ ಇರುವಾಗಲೇ ಅವುಗಳಲ್ಲಿ ಕೆಲವನ್ನು ಕೊಟ್ಟರೆ ರಕ್ತಸ್ರಾವದ ಭಯ ಹೆಚ್ಚು. ನುಂಗಲಾರದವರಿಗೆ ಮಾತ್ರೆ ಕೊಡುವುದೇ ಒಂದು ಸಮಸ್ಯೆ. ಅಣುವ್ರತಗಳನ್ನು ನಿಷ್ಠೆಯಿಂದ ಪಾಲಿಸಿಕೊಂಡು ಬಂದ ಹಿರಿಯರಿಗೆ ಈ ಚುಚ್ಚುಮದ್ದನ್ನು ಕೊಡಬಹುದೇ?

ಇದಕ್ಕೆ ಎಲ್ಲರಿಗೂ ಅನ್ವಯಿಸುವ ಒಂದೇ ಉತ್ತರವನ್ನು ಹೇಳುವುದು ಸರಿಯಲ್ಲ. ಪ್ರಾಣ ಉಳಿಸುವ ಔಷಧವನ್ನು ಸಂಕಲ್ಪಹಿಂಸೆಯೆಂದು ಎಣಿಸಲಾಗದು ಎನ್ನುವವರಿದ್ದಾರೆ. ಪರ್ಯಾಯವಿರುವಾಗ ಅದನ್ನು ಕೇಳದಿರುವುದು ಪ್ರಮಾದ ಎನ್ನುವವರೂ ಇದ್ದಾರೆ. ಇಬ್ಬರ ಮಾತಿನಲ್ಲಿಯೂ ತಥ್ಯವಿದೆ. ಆದರೆ ಒಂದು ಸಂಗತಿಯಲ್ಲಿ ಸಂದೇಹವಿಲ್ಲ. ವ್ರತವು ಅದನ್ನು ಸ್ವೀಕರಿಸಿದವರದು. ಅವರಿಗೆ ಗೊತ್ತಿಲ್ಲದಂತೆ ಚುಚ್ಚಿಸುವುದೂ ತಪ್ಪು, ಅವರನ್ನು ಕೇಳದೆ ‘ನಮ್ಮ ಧರ್ಮಕ್ಕೆ ಒಗ್ಗದು’ ಎಂದು ತಡೆಯುವುದೂ ತಪ್ಪು. ತಿಳಿಸಬೇಕು, ವೈದ್ಯರಲ್ಲಿ ಪರ್ಯಾಯವನ್ನು ವಿಚಾರಿಸಬೇಕು, ಅವರ ನಿರ್ಣಯಕ್ಕೆ ತಲೆಬಾಗಬೇಕು. ಇಲ್ಲಿಗೆ ನಮ್ಮ ವಿಚಾರವು ತನ್ನ ಮುಖ್ಯ ಸ್ಥಾನಕ್ಕೆ ಬಂದು ನಿಲ್ಲುತ್ತದೆ.

ಒಪ್ಪಿಸಿದ ಠೇವಣಿ

ಮೇಲೆ ಹೇಳಿದ ಯಾವ ನಿರ್ಣಯವನ್ನೂ ರೋಗಿಯೇ ಮಾಡಬೇಕಾದರೆ ಅವರಿಗೆ ತಮ್ಮ ರೋಗ ಯಾವುದೆಂದು ತಿಳಿದಿರಬೇಕು. ನಮ್ಮ ಮನೆಗಳಲ್ಲಿ ನಡೆಯುವುದು ಇದಕ್ಕೆ ವಿರುದ್ಧ. ಬೆಳಗಾವಿಯಿಂದಲೋ ಮೀರಜಿನಿಂದಲೋ ವರದಿ ಬರುತ್ತದೆ. ಮಗನು ಅದನ್ನು ಮಡಿಚಿ ಕಿಸೆಗೆ ಹಾಕಿಕೊಂಡು, ವೈದ್ಯರಿಗೆ ‘ಅವರಿಗೆ ಹೇಳಬ್ಯಾಡ್ರಿ’ ಎಂದು ಕೈಮುಗಿಯುತ್ತಾನೆ. ತಂದೆ ಕೇಳುತ್ತಾರೆ: ‘ಬರೇ ಹುಣ್ಣು ಏನಪಾ?’ ಮಗ ಹೇಳುತ್ತಾನೆ: ‘ಹೌದ್ರೀ ಅಪ್ಪಾ, ಬರೇ ಹುಣ್ಣು. ಮಾಯತೈತಿ.’ ಪ್ರೀತಿಯಿಂದ ಆಡಿದ ಮಾತಿದು, ಅದರಲ್ಲಿ ಸಂಶಯವಿಲ್ಲ. ಆದರೆ ಪ್ರೀತಿಯಿಂದ ಮಾಡಿದ್ದೆಲ್ಲವೂ ನಿರ್ದೋಷವಲ್ಲ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳನ್ನು ಹೇಳಿದೆ. ಅವುಗಳಲ್ಲಿ ಒಂದು ‘ನ್ಯಾಸಾಪಹಾರ’. ನ್ಯಾಸವೆಂದರೆ ಒಬ್ಬರು ನಂಬಿ ಒಪ್ಪಿಸಿದ ಠೇವಣಿ. ಪೂಜ್ಯಪಾದರ ಸರ್ವಾರ್ಥಸಿದ್ಧಿಯಲ್ಲಿ ಇದರ ವಿವರಣೆ ವ್ಯಾಪಾರಸ್ಥರ ಕಣ್ಣು ತೆರೆಸುವಂತಿದೆ. ಒಬ್ಬನು ಹಣವನ್ನು ಒಪ್ಪಿಸಿ ಹೋಗಿದ್ದಾನೆ. ಮರಳಿ ಬಂದಾಗ ಎಷ್ಟೆಂಬುದನ್ನು ಮರೆತು ಕಡಿಮೆ ಸಂಖ್ಯೆ ಹೇಳಿ ಕೇಳುತ್ತಾನೆ. ಇಟ್ಟುಕೊಂಡವನು ‘ಹೌದು, ಅಷ್ಟೇ’ ಎಂದು ಒಪ್ಪಿಕೊಂಡು ಅಷ್ಟನ್ನೇ ಕೊಡುತ್ತಾನೆ. ತಾನಾಗಿ ಸುಳ್ಳು ಕಟ್ಟಿದವನಲ್ಲ. ಕೇಳಿದವನ ಮಾತಿಗೆ ಹೌದೆಂದಷ್ಟೇ. ಆದರೂ ಅದು ಅಪಹಾರ.

ವೈದ್ಯರ ವರದಿಯು ರೋಗಿಯ ದೇಹವನ್ನು ಕುರಿತದ್ದು. ಅದು ಅವರ ಸ್ವತ್ತು. ಮಗನ ಕೈಗೆ ಬಂದದ್ದು ಠೇವಣಿಯಾಗಿ. ‘ಬರೇ ಹುಣ್ಣು ಏನಪಾ’ ಎಂದು ತಂದೆ ಕಡಿಮೆ ಮೊತ್ತ ಹೇಳಿ ಕೇಳಿದಾಗ ‘ಹೌದ್ರೀ’ ಎನ್ನುವುದು ಯಾವ ಅತಿಚಾರಕ್ಕೆ ಸಮೀಪವೆಂಬುದನ್ನು ವಾಚಕರೇ ಯೋಚಿಸಬೇಕು. ಅಂಗಡಿಯಲ್ಲಿ ನಾಲ್ಕಾಣೆಯ ವ್ಯತ್ಯಾಸವನ್ನೂ ಸಹಿಸದ ನಾವು, ಒಬ್ಬ ಹಿರಿಯರಿಗೆ ಉಳಿದಿರುವ ದಿನಗಳ ಲೆಕ್ಕವನ್ನೇ ಅವರಿಂದ ಮುಚ್ಚಿಡುತ್ತೇವೆ. ಆ ದಿನಗಳಲ್ಲಿ ಅವರು ಯಾರಲ್ಲಿಯೋ ಕ್ಷಮೆ ಬೇಡಬಹುದಿತ್ತು; ಸಾಲ ತೀರಿಸಬಹುದಿತ್ತು; ವ್ರತವನ್ನು ಬಿಗಿಗೊಳಿಸಬಹುದಿತ್ತು; ನಳಿಕೆ ಬೇಕು ಅಥವಾ ಬೇಡವೆಂದು ಹೇಳಬಹುದಿತ್ತು. ಮೌನವು ಈ ಎಲ್ಲವನ್ನೂ ಅವರಿಂದ ಕಸಿಯುತ್ತದೆ.

ಇಲ್ಲಿ ಒಂದು ಬಲವಾದ ಆಕ್ಷೇಪವಿದೆ. ಆಪತ್ತಿಗೆ ಕಾರಣವಾಗುವ ಸತ್ಯವನ್ನೂ ಆಡಬಾರದೆಂದು ಸಮಂತಭದ್ರರೇ ಸತ್ಯಾಣುವ್ರತದ ಲಕ್ಷಣದಲ್ಲಿ ಹೇಳಿಲ್ಲವೇ? ಕ್ಯಾನ್ಸರ್ ಎಂಬ ಶಬ್ದ ಕೇಳಿಯೇ ಹಿರಿಯರು ಕುಸಿದರೆ ಆ ಹಿಂಸೆ ಯಾರದು? ಈ ಆಕ್ಷೇಪವನ್ನು ಹಗುರವಾಗಿ ಕಾಣಬಾರದು. ಆದರೆ ಆ ನಿಯಮವು ಒಂದು ಜೀವದ ಕೇಡಿಗೆ ಸಾಧನವಾಗುವ ಮಾತನ್ನು ಕುರಿತದ್ದು. ಬೇಟೆಗಾರನಿಗೆ ಜಿಂಕೆ ಹೋದ ದಾರಿ ತೋರಿಸುವಂತಹ ಸತ್ಯವದು. ತನ್ನ ದೇಹದ ಸ್ಥಿತಿಯನ್ನು ತಾನೇ ತಿಳಿಯುವುದು ಅಂತಹ ಕೇಡಲ್ಲ. ಮೇಲಾಗಿ, ದಿನದಿನಕ್ಕೂ ಗಂಟಲು ಮುಚ್ಚುತ್ತಿರುವವರಿಗೆ ಏನೂ ತಿಳಿಯುವುದಿಲ್ಲವೆಂದು ಭಾವಿಸುವುದು ನಮ್ಮ ಭ್ರಮೆ. ಅವರು ನಮ್ಮ ಸಮಾಧಾನಕ್ಕಾಗಿ ಗೊತ್ತಿಲ್ಲದವರಂತೆ ನಟಿಸುತ್ತಾರೆ, ನಾವು ಅವರ ಸಮಾಧಾನಕ್ಕಾಗಿ. ಇಬ್ಬರೂ ಒಂಟಿಯಾಗುತ್ತಾರೆ.

ಹೇಳುವ ರೀತಿಯಲ್ಲಿಯೇ ಅಹಿಂಸೆ ಇದೆ. ಎಲ್ಲವನ್ನೂ ಒಂದೇ ದಿನ ಹೇಳಬೇಕಾಗಿಲ್ಲ. ‘ನಿಮಗೆ ಎಷ್ಟು ತಿಳಿಯಬೇಕೆಂದಿದೆ?’ ಎಂದು ಮೊದಲು ಕೇಳಬೇಕು. ‘ನನಗೆ ಬೇಡ, ನೀವೇ ನೋಡಿಕೊಳ್ಳಿ’ ಎಂದು ಅವರೇ ಹೇಳಿದರೆ ಅದೂ ಅವರ ನಿರ್ಣಯವೇ. ಆಗ ತಮ್ಮ ಪರವಾಗಿ ಮಾತಾಡುವವರು ಯಾರೆಂಬುದನ್ನು ಅವರಿಂದಲೇ ಕೇಳಿಕೊಳ್ಳಬೇಕು. ಠೇವಣಿಯ ಒಡೆಯನು ‘ನಿನ್ನಲ್ಲಿಯೇ ಇರಲಿ’ ಎನ್ನುವುದಕ್ಕೂ, ನಾವೇ ಅದನ್ನು ಮುಚ್ಚಿಡುವುದಕ್ಕೂ ಇರುವ ಅಂತರ ಯಾರಿಗಾದರೂ ತಿಳಿಯುವಂತಹುದು.

ಯಾವುದಕ್ಕೆ ಪ್ರತೀಕಾರ, ಎಲ್ಲಿಯವರೆಗೆ

ರೋಗಿಗೆ ತಿಳಿದ ಮೇಲೆ ವಿಚಾರಿಸಬೇಕಾದ ಪ್ರಶ್ನೆಗಳು ನಾಲ್ಕು. ಈ ಚಿಕಿತ್ಸೆಯಿಂದ ಯಾವ ತೊಂದರೆ ನಿಲ್ಲುತ್ತದೆ, ಯಾವುದು ಉಳಿಯುತ್ತದೆ? ದೊರೆಯುವ ಕಾಲದಲ್ಲಿ ಎಚ್ಚರದಿಂದ, ಸಾಧ್ಯವಾದರೆ ಮನೆಯಲ್ಲಿ, ಇರಲು ಆಗುವುದೇ? ಚಿಕಿತ್ಸೆಯ ಕಷ್ಟವನ್ನೂ ವೆಚ್ಚವನ್ನೂ ಹೊರುವವರು ಯಾರು? ರೋಗಿಯು ಏನು ಬಯಸುತ್ತಾರೆ? ನಿಷ್ಪ್ರತೀಕಾರವೆಂಬ ಮಾತನ್ನು ಇಡೀ ರೋಗಕ್ಕೆ ಒಮ್ಮೆಗೇ ಅಂಟಿಸದೆ, ಒಂದೊಂದು ತೊಂದರೆಗೂ ಬೇರೆ ಬೇರೆಯಾಗಿ ಒರೆಹಚ್ಚಿ ನೋಡಬೇಕೆಂಬುದು ನಮ್ಮ ಅಭಿಪ್ರಾಯ.

ಎರಡು ಮನೆಗಳನ್ನು ಕಲ್ಪಿಸಿಕೊಳ್ಳೋಣ. ಒಂದರಲ್ಲಿ ರೋಗ ಈಗಷ್ಟೇ ಪತ್ತೆಯಾಗಿದೆ, ದೇಹದಲ್ಲಿ ಕಸುವಿದೆ, ಗಡ್ಡೆ ಧಮನಿಗೆ ತಗಲಿದೆ, ವಿಕಿರಣ ಮತ್ತು ಔಷಧ ಚಿಕಿತ್ಸೆ ಇನ್ನೂ ಬಾಕಿ ಇದೆ. ಇಲ್ಲಿ ರಕ್ತಸ್ರಾವವನ್ನು ತಡೆದರೆ ಮುಂದಿನ ಚಿಕಿತ್ಸೆಗೆ ದಾರಿಯಾಗುತ್ತದೆ. ‘ಕ್ಯಾನ್ಸರ್ ಅಲ್ಲವೇ, ಇನ್ನೇನು’ ಎಂದು ಕೈಕಟ್ಟಿ ಕೂಡುವುದು ವೈರಾಗ್ಯವಲ್ಲ, ಪ್ರಮಾದ. ಇನ್ನೊಂದು ಮನೆಯಲ್ಲಿ ರೋಗ ಯಕೃತ್ತಿಗೂ ಶ್ವಾಸಕೋಶಕ್ಕೂ ಹಬ್ಬಿದೆ. ಎಲ್ಲ ಚಿಕಿತ್ಸೆಯೂ ಮುಗಿದಿದೆ. ಹಿರಿಯರು ಹಾಸಿಗೆ ಬಿಟ್ಟು ಏಳಲಾರರು. ಅವರನ್ನು ನಡುರಾತ್ರಿ ಆಂಬ್ಯುಲೆನ್ಸಿನಲ್ಲಿ ಹಾಕಿಕೊಂಡು ಹುಬ್ಬಳ್ಳಿಗೋ ಬೆಂಗಳೂರಿಗೋ ಓಡುವುದರಿಂದ ದೊರೆಯುವುದು, ದಾರಿಯಲ್ಲಿ ಅಪರಿಚಿತರ ನಡುವಿನ ಮರಣವಷ್ಟೇ ಆಗಬಹುದು. ಇವೆರಡರ ನಡುವೆ ನೂರು ಬಗೆಯ ಮನೆಗಳಿವೆ. ಆರು ವಾರ ದೊರೆತರೆ ಸಾಕು, ಹಿಸ್ಸೆಯ ವ್ಯಾಜ್ಯ ಬಗೆಹರಿಸಿ ತಮ್ಮನೊಡನೆ ಮಾತಾಡುತ್ತೇನೆ ಎನ್ನುವವರಿಗೆ ಆ ಆರು ವಾರ ಅಲ್ಪವಲ್ಲ.

ವೆಚ್ಚದ ಮಾತು ಮುಜುಗರದ್ದಾದರೂ ಆಡಲೇಬೇಕು. ಬಡತನದ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ನೆರವಾಗುವ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ 2018ರಿಂದ ಜಾರಿಯಲ್ಲಿದೆ. ಬೇಕಾದ ಚಿಕಿತ್ಸೆ ಅದರ ಪಟ್ಟಿಯಲ್ಲಿದೆಯೇ ಎಂದು ಮೊದಲೇ ಆಸ್ಪತ್ರೆಯಲ್ಲಿ ಕೇಳಬೇಕು. ‘ನನಗಾಗಿ ಹೊಲ ಮಾರಬ್ಯಾಡ್ರಿ’ ಎಂದು ಹಿರಿಯರು ಹೇಳಿದರೆ ಅದು ಅಪರಿಗ್ರಹದ ಮಾತೋ, ಭಾರವಾದೆನೆಂಬ ಸಂಕೋಚದ ಮಾತೋ ಎಂದು ಏಕಾಂತದಲ್ಲಿ ಕೇಳಿ ತಿಳಿಯಬೇಕು. ಹಣ ಉಳಿಸುವ ಇಚ್ಛೆಗೆ ಧರ್ಮದ ಹೆಸರಿಡುವುದು ದೊಡ್ಡ ದೋಷ. ನೆರೆಹೊರೆಯವರು ಏನೆಂದಾರೆಂಬ ಭಯದಿಂದ ಫಲವಿಲ್ಲದ ಚಿಕಿತ್ಸೆಗೆ ಹೊಲ ಮಾರುವುದೂ ದೋಷವೇ.

ಕ್ಯಾನ್ಸರಿನ ವೈದ್ಯರು ಬೇರೆ, ರಕ್ತನಾಳದ ವೈದ್ಯರು ಬೇರೆ ಎಂಬುದನ್ನೂ ನೆನಪಿಡಬೇಕು. ಬೆಂಗಳೂರಿನಲ್ಲಿಯೇ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಒಂದು ಆವರಣದಲ್ಲಿದೆ, ಜಯದೇವ ಹೃದ್ರೋಗ ಸಂಸ್ಥೆ ಇನ್ನೊಂದರಲ್ಲಿ. ‘ಗಡ್ಡೆ ಮಹಾಧಮನಿಗೆ ತಗಲಿದೆಯೇ? ರಕ್ತ ಬಂದರೆ ಎಲ್ಲಿಗೆ ಬರಬೇಕು, ಅಥವಾ ಎಲ್ಲಿಗೂ ಬರಬೇಡವೇ?’ ಎಂದು ಸ್ಕ್ಯಾನ್ ಆದ ದಿನವೇ ಕೇಳಿ ಬರೆದಿಟ್ಟುಕೊಳ್ಳುವುದು ವಿವೇಕ.

ಸಲ್ಲೇಖನೆಯೂ ಚಿಕಿತ್ಸೆಯ ನಿರಾಕರಣೆಯೂ

ಈ ಎರಡನ್ನು ಒಂದೆಂದು ಭಾವಿಸುವ ಅಭ್ಯಾಸ ನಮ್ಮಲ್ಲಿ ಬೆಳೆಯುತ್ತಿದೆ, ಅದು ಸರಿಯಲ್ಲ. ನಳಿಕೆ ಬೇಡವೆನ್ನುವುದು ಒಂದು ಚಿಕಿತ್ಸೆಯ ಬಗೆಗಿನ ನಿರ್ಣಯ. ಸಲ್ಲೇಖನೆಯು ಕಷಾಯವನ್ನೂ ಕಾಯವನ್ನೂ ಕೃಶಗೊಳಿಸುವ, ಗುರುಸಾನ್ನಿಧ್ಯದಲ್ಲಿ ತಿಳಿದು ಸ್ವೀಕರಿಸುವ ವ್ರತ. ಎಚ್ಚರವಿಲ್ಲದವರ ಮೇಲೆ ಮನೆಯವರು ಅದನ್ನು ಹೊರಿಸಲಾಗದು. ಅದರ ಐದು ಅತಿಚಾರಗಳಲ್ಲಿ ಮೊದಲನೆಯದು ಬದುಕಬೇಕೆಂಬ ಹಂಬಲ, ಎರಡನೆಯದು ಸಾಯಬೇಕೆಂಬ ಹಂಬಲ. ಎರಡನ್ನೂ ಒಂದೇ ಸಾಲಿನಲ್ಲಿ ದೋಷವೆಂದು ಇಟ್ಟಿರುವುದು ವಿಚಾರಾರ್ಹ. ಏನಾದರೂ ಮಾಡಿ ಉಳಿಸಿರೆಂಬ ಆತುರಕ್ಕೂ, ಬೇಗ ಮುಗಿದರೆ ಸಾಕೆಂಬ ಆತುರಕ್ಕೂ ಅಲ್ಲಿ ಸ್ಥಾನವಿಲ್ಲ.

ನಮ್ಮ ನೆರೆಯ ಭೋಜ ಗ್ರಾಮದ ಮನೆತನದ ಚಾರಿತ್ರಚಕ್ರವರ್ತಿ ಆಚಾರ್ಯ ಶಾಂತಿಸಾಗರರು 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನೆಯನ್ನು ಸ್ವೀಕರಿಸಿದರು. ದೃಷ್ಟಿ ಕುಂದಿ, ಜೀವದಯೆಯಿಂದ ಹೆಜ್ಜೆಯಿಡುವ ಮುನಿಚರ್ಯೆ ಅಸಾಧ್ಯವಾದುದು ಅದಕ್ಕೆ ಕಾರಣ. ಅವರು ಅಳೆದದ್ದು ಉಳಿದ ವರ್ಷಗಳನ್ನಲ್ಲ, ದೇಹವು ಧರ್ಮಕ್ಕೆ ಇನ್ನೂ ನೆರವಾಗುವುದೇ ಎಂಬುದನ್ನು. ಗೃಹಸ್ಥನು ತನ್ನ ಮಟ್ಟದಲ್ಲಿ ಅದೇ ಅಳತೆಗೋಲನ್ನು ಹಿಡಿಯಬಹುದು.

ಕಾನೂನಿನ ಸ್ಥಿತಿಯನ್ನು ಟ್ರಸ್ಟಿಗಳು ತಿಳಿದಿರಬೇಕು. ರಾಜಸ್ಥಾನ ಉಚ್ಚ ನ್ಯಾಯಾಲಯವು 2015ರ ಆಗಸ್ಟ್ 10ರಂದು ಸಂಥಾರಾ ಆಚರಣೆಯ ವಿರುದ್ಧ ತೀರ್ಪು ನೀಡಿತು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯ ಅದಕ್ಕೆ ತಡೆ ಕೊಟ್ಟಿತು. ಇನ್ನೊಂದು ಪ್ರಕರಣದಲ್ಲಿ, 2018ರ ಮಾರ್ಚ್ 9ರಂದು, ಗೌರವದಿಂದ ಮರಣಿಸುವ ಹಕ್ಕನ್ನೂ, ಯಾವ ಚಿಕಿತ್ಸೆ ಬೇಡವೆಂದು ಮುಂಚಿತವಾಗಿ ಬರೆದಿಡುವ ಹಕ್ಕನ್ನೂ ಮಾನ್ಯ ಮಾಡಿತು. 2023ರ ಜನವರಿಯಲ್ಲಿ ಅದರ ಕ್ರಮವನ್ನು ಸರಳಗೊಳಿಸಿತು; ಈಗ ಇಬ್ಬರು ಸಾಕ್ಷಿಗಳೊಡನೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಮುಂದೆ ಬರೆದರೆ ಸಾಕು. ಕರ್ನಾಟಕ ಸರ್ಕಾರವು 2025ರ ಜನವರಿಯಲ್ಲಿ ಇದರ ಜಾರಿಗೆ ಆದೇಶ ಹೊರಡಿಸಿತು. ಮೃತ್ಯುಪತ್ರ ಬರೆಯುವ ಮನೆಗಳು ಈ ಪತ್ರವನ್ನೂ ಬರೆದಿಡಬಹುದು.

ನೋವು, ಎಚ್ಚರ ಮತ್ತು ಕೊನೆಯ ತಾಸು

ಮಾರ್ಫಿನ್ ಕೊಟ್ಟರೆ ಬುದ್ಧಿ ಮಂಕಾಗಿ ಸಮಾಧಿಮರಣ ತಪ್ಪುವುದೆಂದು ಕೆಲವರು ಅಂಜುತ್ತಾರೆ. ಆರ್ತಧ್ಯಾನದ ನಾಲ್ಕು ಭೇದಗಳಲ್ಲಿ ವೇದನೆಯಿಂದ ಹುಟ್ಟುವುದೂ ಒಂದೆಂಬುದನ್ನು ಅಂತಹವರು ಮರೆಯಬಾರದು. ನೋವು ತಾನೇ ಮನಸ್ಸನ್ನು ಕಟ್ಟಿಹಾಕುತ್ತದೆ. ತಿಳಿದ ವೈದ್ಯರು ಅಳತೆಯಿಂದ ಏರಿಸಿದ ಮಾರ್ಫಿನ್ ನೋವನ್ನು ಇಳಿಸಿ, ಬಹುಪಾಲು ಜನರಿಗೆ ಮಾತಾಡುವ, ಮಂತ್ರ ಕೇಳುವ ಎಚ್ಚರವನ್ನು ಉಳಿಸುತ್ತದೆ. ಆಯುಷ್ಯವನ್ನು ಕಡಿಮೆ ಮಾಡುವುದಿಲ್ಲ. 2014ರ ಕಾನೂನು ತಿದ್ದುಪಡಿಯ ನಂತರ ಮಾನ್ಯತೆ ಪಡೆದ ಆಸ್ಪತ್ರೆಗಳಿಗೆ ಅದನ್ನು ಇಟ್ಟುಕೊಳ್ಳುವುದೂ ಸುಲಭವಾಗಿದೆ.

ನಳಿಕೆ ಬೇಡವೆಂದು ನಿರ್ಧರಿಸಿದ ಮನೆಯು ರಕ್ತಸ್ರಾವದ ತಾಸಿಗೆ ಸಿದ್ಧವಾಗಿರಬೇಕು. ಹಾಸಿಗೆಯ ಬಳಿ ಕಪ್ಪು ಅಥವಾ ಕಡುಗೆಂಪು ಬಣ್ಣದ ದಪ್ಪ ಬಟ್ಟೆಗಳಿರಲಿ. ರಕ್ತವು ಬಿಳಿಯ ಮೇಲೆ ಕಂಡಷ್ಟು ಅವುಗಳ ಮೇಲೆ ಕಾಣದು, ರೋಗಿಯೂ ಮಕ್ಕಳೂ ಬೆದರುವುದು ಕಡಿಮೆ. ಮನಸ್ಸನ್ನು ಶಾಂತಗೊಳಿಸುವ ಔಷಧವನ್ನು ವೈದ್ಯರಿಂದ ಮೊದಲೇ ಬರೆಯಿಸಿಕೊಂಡು, ಕೊಡುವ ಕ್ರಮವನ್ನು ಕಲಿತಿರಬೇಕು. ಒಂದು ಮಗ್ಗುಲಿಗೆ ಮಲಗಿಸಿ, ಕೈ ಹಿಡಿದು, ಬಳಿಯಲ್ಲಿಯೇ ಕುಳಿತಿರಬೇಕು. ದೊಡ್ಡ ಸ್ರಾವವು ಕೆಲವು ನಿಮಿಷಗಳಲ್ಲಿ ಮುಗಿಯುತ್ತದೆ. ಆ ನಿಮಿಷಗಳನ್ನು ದೂರವಾಣಿ ಹಿಡಿದು ಓಡಾಡುವುದರಲ್ಲಿ ಕಳೆಯದೆ ಣಮೋಕಾರವನ್ನು ಕಿವಿಯಲ್ಲಿ ಹೇಳುವುದರಲ್ಲಿ ಕಳೆಯಬೇಕು.

ನಮ್ಮ ಬಸದಿಗಳ ಟ್ರಸ್ಟುಗಳಿಗೆ ಇಲ್ಲಿ ದೊಡ್ಡ ಕೆಲಸವಿದೆ. ಮುಧೋಳದ ಕವಿರತ್ನ ರನ್ನನಿಗೆ ಆಶ್ರಯವಿತ್ತ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಅದು ಶಾಸ್ತ್ರದಾನ. ಔಷಧದಾನವೂ ನಾಲ್ಕು ದಾನಗಳಲ್ಲಿ ಒಂದು. ಕೋಝಿಕ್ಕೋಡಿನಲ್ಲಿ 1993ರಲ್ಲಿ ಕೆಲವೇ ಜನರಿಂದ ಆರಂಭವಾದ ನೋವುಶಮನ ಸೇವೆಯು ಕೇರಳದ ಓಣಿ ಓಣಿಗೂ ಹಬ್ಬಿತು. ಬೆಂಗಳೂರಿನ ಕರುಣಾಶ್ರಯವು 1999ರಿಂದ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತಿದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಈ ನಾಲ್ಕು ಊರುಗಳ ಟ್ರಸ್ಟುಗಳು ಕೂಡಿ ಒಬ್ಬ ತರಬೇತಾದ ನರ್ಸ್, ಒಂದು ವಾಹನ, ನಾಲ್ಕು ಮಡಿಚುವ ಮಂಚಗಳ ವ್ಯವಸ್ಥೆ ಮಾಡುವುದು ಅಸಾಧ್ಯವೇನಲ್ಲ. ಜಾತಿ ಕೇಳದೆ ಎಲ್ಲ ಮನೆಗೂ ಅದು ತಲುಪಬೇಕು.

ರೋಗಕ್ಕೆ ಪರಿಹಾರವಿಲ್ಲವೆಂದು ವೈದ್ಯರು ಹೇಳಿದ ದಿನ ಮನೆಯವರ ಕರ್ತವ್ಯ ಮುಗಿಯುವುದಿಲ್ಲ. ರಕ್ತಕ್ಕೆ, ನೋವಿಗೆ, ಭಯಕ್ಕೆ, ಒಂಟಿತನಕ್ಕೆ ಪ್ರತೀಕಾರ ಉಳಿದೇ ಇರುತ್ತದೆ. ಅವುಗಳಲ್ಲಿ ಯಾವುದು ಎಷ್ಟು ಬೇಕೆಂದು ಹೇಳುವ ಅಧಿಕಾರ ಹಾಸಿಗೆಯಲ್ಲಿರುವವರದು. ಆ ಅಧಿಕಾರವನ್ನು ಅವರು ಚಲಾಯಿಸುವಂತಾಗಲು, ಕಿಸೆಯಲ್ಲಿ ಮಡಿಚಿಟ್ಟ ಕಾಗದವನ್ನು ಸಕಾಲದಲ್ಲಿ ಅವರ ಕೈಗಿಡುವುದು ಎಲ್ಲಕ್ಕಿಂತ ಮೊದಲು ಮಾಡಬೇಕಾದ ಚಿಕಿತ್ಸೆ ಎಂದು ಸುಜ್ಞ ವಾಚಕರಲ್ಲಿ ವಿನಂತಿ.